ಅವಳಿ ಬಸಿರಿನಿಂದ ಬಾಣಂತನದವರೆಗೆ: ಹಂತ ಹಂತದ ಪೂರ್ತಿ ತಯಾರಿ

ಅವಳಿ ಮಕ್ಕಳು ಎಂದು ಗೊತ್ತಾದ ಮನೆಗಳಲ್ಲಿ ತಯಾರಿಗೇನೂ ಕಡಿಮೆ ಇರುವುದಿಲ್ಲ. ಎರಡೆರಡು ಕುಲಾವಿ ಹೊಲಿಸಿರುತ್ತಾರೆ, ಹೆಸರೂ ನೋಡಿಟ್ಟಿರುತ್ತಾರೆ. ಆದರೂ ಹೆರಿಗೆ ಹೊತ್ತಿಗೆ ಗಾಬರಿ ತಪ್ಪುವುದಿಲ್ಲ. ಕಾರಣ ಬಹುಪಾಲು ಒಂದೇ: ಎಲ್ಲವನ್ನೂ ಒಂಬತ್ತನೇ ತಿಂಗಳ ಲೆಕ್ಕಕ್ಕೆ ಇಟ್ಟುಕೊಂಡಿರುತ್ತಾರೆ. ಅವಳಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೆರಿಗೆ 37 ವಾರ ತುಂಬುವ ಮೊದಲೇ ಆಗಿಬಿಡುತ್ತದೆ. ಕೆಲವು 32, 34 ವಾರಕ್ಕೇ ಆಗುತ್ತವೆ.

ಹಾಗಾಗಿ ಒಂದು ಮಗುವಿಗೆ ಮಾಡುವ ಪ್ರತಿಯೊಂದು ಕೆಲಸವನ್ನೂ ಒಂದೂವರೆಯಿಂದ ಎರಡು ತಿಂಗಳು ಮುಂಚೆ ಮುಗಿಸಬೇಕು. ಕೆಳಗಿನ ಹಂತಗಳು ಆ ಲೆಕ್ಕದಲ್ಲೇ ಇವೆ. ತಿಂಗಳಲ್ಲಿ ಎಣಿಸುವುದು ಬಿಟ್ಟು ವಾರದಲ್ಲಿ ಎಣಿಸಿ. ಸ್ಕ್ಯಾನ್ ರಿಪೋರ್ಟು, ಡಾಕ್ಟರ ಮಾತು ಎಲ್ಲ ವಾರದಲ್ಲೇ ಇರುತ್ತವೆ. ನಿಮ್ಮ ಡಾಕ್ಟರು ನಿಮ್ಮನ್ನು ನೋಡಿ ಬೇರೆ ಹೇಳಿದರೆ ಅವರ ಮಾತೇ ಮೊದಲು.

ಹಂತ 1: ಮಾಸು ಒಂದೋ ಎರಡೋ, ಬರೆಸಿಕೊಳ್ಳಿ (11ರಿಂದ 14 ವಾರ)

ಸ್ಕ್ಯಾನ್ ಮುಗಿಸಿ ಬಂದವರು "ಅವಳಿ ಅಂತೆ" ಎಂದಷ್ಟೇ ಹೇಳುತ್ತಾರೆ. ಅದು ಸಾಲದು. ಎರಡೂ ಮಕ್ಕಳಿಗೆ ಮಾಸು, ಅಂದರೆ ಪ್ಲಸೆಂಟಾ, ಬೇರೆ ಬೇರೆ ಇದೆಯಾ ಅಥವಾ ಒಂದೇ ಮಾಸನ್ನು ಇಬ್ಬರೂ ಹಂಚಿಕೊಂಡಿದ್ದಾರಾ ಅನ್ನುವುದರ ಮೇಲೆ ಮುಂದಿನ ಆರು ತಿಂಗಳ ಕೆಲಸವೆಲ್ಲ ನಿಂತಿದೆ.

ರಿಪೋರ್ಟಿನಲ್ಲಿ ಇದು ಮೂರರಲ್ಲಿ ಒಂದು ರೀತಿ ಬರೆದಿರುತ್ತದೆ. ಡಿಸಿಡಿಎ ಎಂದರೆ ಮಾಸು ಎರಡು, ನೀರಿನ ಚೀಲ ಎರಡು. ಎಂಸಿಡಿಎ ಎಂದರೆ ಮಾಸು ಒಂದು, ಚೀಲ ಎರಡು. ಎಂಸಿಎಂಎ ಎಂದರೆ ಮಾಸೂ ಒಂದೇ, ಚೀಲವೂ ಒಂದೇ. ಇದು ಅಪರೂಪ, ಅಪಾಯವೂ ಹೆಚ್ಚು. 14 ವಾರ ದಾಟಿದ ಮೇಲೆ ಇದನ್ನು ಖಚಿತವಾಗಿ ಹೇಳುವುದು ಕಷ್ಟವಾಗುತ್ತಾ ಹೋಗುತ್ತದೆ. ರಿಪೋರ್ಟಿನಲ್ಲಿ ಬರೆದಿಲ್ಲದಿದ್ದರೆ ಅಲ್ಲೇ ನಿಂತು ಕೇಳಿ ಬರೆಸಿಕೊಳ್ಳಿ. ತಾಯಿ ಕಾರ್ಡಿನ ಮೇಲೂ ದೊಡ್ಡದಾಗಿ ಬರೆದಿರಲಿ. ಮಧ್ಯರಾತ್ರಿ ನಿಮ್ಮನ್ನು ನೋಡುವ ಹೊಸ ಡಾಕ್ಟರಿಗೆ ಮೊದಲು ಬೇಕಾಗುವುದು ಇದೇ ಮಾಹಿತಿ.

ಸಾಮಾನ್ಯ ತಪ್ಪು: ಸ್ಕ್ಯಾನ್ ಕೋಣೆಯಲ್ಲಿ ಗಂಡೋ ಹೆಣ್ಣೋ ಎಂದು ಕೇಳುವುದು. ಹೇಳುವುದೂ ಅಪರಾಧ, ಹೇಳಿಸಿಕೊಳ್ಳಲು ನೋಡುವುದೂ ಅಪರಾಧ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾನೂನು ಅವಳಿಗಳಿಗೂ ಅಷ್ಟೇ ಅನ್ವಯಿಸುತ್ತದೆ.

ಹಂತ 2: ಸ್ಕ್ಯಾನ್, ಮಾತ್ರೆ, ಊಟ (16 ವಾರದಿಂದ)

ಮಾಸು ಒಂದೇ ಇದ್ದರೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಬೇಕು. ಒಂದೇ ಮಾಸಿನಲ್ಲಿ ರಕ್ತನಾಳಗಳು ಕೂಡಿಕೊಂಡಿರುತ್ತವೆ. ಕೆಲವೊಮ್ಮೆ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿಯುತ್ತದೆ. ಒಂದರ ಸುತ್ತ ನೀರು ಬತ್ತುತ್ತದೆ, ಇನ್ನೊಂದರ ಸುತ್ತ ಉಕ್ಕುತ್ತದೆ. ಬೇಗ ಕಂಡರೆ ಚಿಕಿತ್ಸೆ ಇದೆ, ತಡವಾದರೆ ಎರಡು ಜೀವಕ್ಕೂ ಅಪಾಯ. ಮಾಸು ಎರಡಿದ್ದರೆ ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ ಸಾಕು. "ಹೋದ ಸಲ ಎಲ್ಲ ಸರಿ ಇತ್ತಲ್ಲ" ಎಂದು ಒಂದು ಸ್ಕ್ಯಾನ್ ಬಿಡುವವರು ಬಹಳ. ದಯವಿಟ್ಟು ಬಿಡಬೇಡಿ.

ರಕ್ತಹೀನತೆ ಅವಳಿ ಬಸಿರಿನ ದೊಡ್ಡ ಶತ್ರು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದೇ ಲೆಕ್ಕ. ಕಬ್ಬಿಣದ ಮಾತ್ರೆಯನ್ನು ದಿನವೂ ನುಂಗುತ್ತಾರೆ, ಆದರೆ ಮೇಲೆ ಒಂದು ಲೋಟ ಕಾಫಿ ಕುಡಿಯುತ್ತಾರೆ. ಕಾಫಿ, ಟೀ ಕಬ್ಬಿಣ ಮೈಗೆ ಹಿಡಿಯದಂತೆ ತಡೆಯುತ್ತವೆ. ಕ್ಯಾಲ್ಸಿಯಂ ಮಾತ್ರೆಯನ್ನೂ ಜೊತೆಗೇ ನುಂಗಬಾರದು. ಎರಡರ ನಡುವೆ ಎರಡು ಗಂಟೆಯಾದರೂ ಅಂತರ ಇರಲಿ. ಕಬ್ಬಿಣದ ಮಾತ್ರೆಗೆ ನಿಂಬೆಹಣ್ಣಿನ ಪಾನಕ ಒಳ್ಳೆಯ ಜೊತೆ. ಮಲ ಕಪ್ಪಗೆ ಹೋದರೆ ಹೆದರಬೇಡಿ, ಅದು ಮಾತ್ರೆಯಿಂದ.

ಊಟಕ್ಕೆ ನಮ್ಮ ಕಡೆಯ ಅಡುಗೆಯೇ ಸಾಕು. ಮುದ್ದೆ, ಸೊಪ್ಪು ಕಾಳು ಹಾಕಿದ ಬಸ್ಸಾರು, ಹುರುಳಿ, ಅವರೆಕಾಳು, ನುಗ್ಗೆಸೊಪ್ಪು, ಹಾಲು ಮೊಸರು, ತಿನ್ನುವವರಿಗೆ ಮೊಟ್ಟೆ. ಹೊಟ್ಟೆ ಮೇಲಕ್ಕೆ ಒತ್ತುವುದರಿಂದ ಒಂದೇ ಸಲ ಜಾಸ್ತಿ ಉಣ್ಣಲು ಆಗುವುದಿಲ್ಲ. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ತಿನ್ನಿ. ಅಂಗನವಾಡಿಯಲ್ಲಿ ಹೆಸರು ಬರೆಸಿದರೆ ಮಾತೃಪೂರ್ಣ ಯೋಜನೆಯ ಊಟವೂ ಸಿಗುತ್ತದೆ.

ಅವಳಿ ಎಂದ ಕೂಡಲೇ ಹಾಸಿಗೆ ಬಿಟ್ಟು ಏಳಬೇಡ ಎನ್ನುವ ಹಿರಿಯರಿದ್ದಾರೆ. ಡಾಕ್ಟರು ಹೇಳದೆ ಸುಮ್ನೆ ಮಲಗುವುದರಿಂದ ಬೇಗ ಹೆರಿಗೆಯಾಗುವುದು ತಪ್ಪುವುದಿಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಮಾತ್ರ ಹೆಚ್ಚುತ್ತದೆ. ಬಿಂದಿಗೆ ಹೊರುವುದು, ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡುವುದು ಬೇಡ. ಓಡಾಟ ಬೇಕು.

ಹಂತ 3: ಆಸ್ಪತ್ರೆ ಗೊತ್ತುಮಾಡಿಕೊಳ್ಳಿ (24 ವಾರದೊಳಗೆ)

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ತೋರಿಸುತ್ತಿರುತ್ತಾರೆ, ಡಾಕ್ಟರೂ ಒಳ್ಳೆಯವರೇ. 33 ವಾರಕ್ಕೆ ನೋವು ಬರುತ್ತದೆ. ಅಲ್ಲಿ ಮಕ್ಕಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯು ಇರುವುದಿಲ್ಲ. ಹೆರಿಗೆಯಾದ ಮೇಲೆ ಎರಡು ಕೂಸುಗಳನ್ನು ಆಂಬುಲೆನ್ಸಿನಲ್ಲಿ ಬೇರೆ ಕಡೆ ಸಾಗಿಸುತ್ತಾರೆ. ತಾಯಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ತಿಂಗಳು ತುಂಬದ ಮಕ್ಕಳನ್ನು ಸಾಗಿಸಲು ಅತ್ಯಂತ ಸುರಕ್ಷಿತ ಜಾಗ ತಾಯಿಯ ಹೊಟ್ಟೆಯೇ. ಹಾಗಾಗಿ ಹೆರಿಗೆಗೆ ಮೊದಲೇ ಸರಿಯಾದ ಕಡೆ ಸೇರಿರಬೇಕು.

ಮೈಸೂರಿನಲ್ಲಿ ಸರ್ಕಾರಿ ಚೆಲುವಾಂಬ ಆಸ್ಪತ್ರೆ ಇದೆ, ಮಂಡ್ಯದಲ್ಲಿ ಮಿಮ್ಸ್ ಇದೆ. ಎರಡೂ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು. ಖಾಸಗಿಯಲ್ಲೂ ದೊಡ್ಡ ಆಸ್ಪತ್ರೆಗಳಿವೆ. ಎಲ್ಲೇ ಆಗಲಿ, ಹೋಗಿ ಈ ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳಿ:

1. ಒಂದೇ ಸಲ ಎರಡು ಮಕ್ಕಳಿಗೆ ಎನ್‌ಐಸಿಯು ಹಾಸಿಗೆ ಸಿಗುತ್ತದಾ? ಸಿಗದಿದ್ದರೆ ಎಲ್ಲಿಗೆ ಕಳಿಸುತ್ತೀರಿ?
2. ರಾತ್ರಿ ಎರಡು ಗಂಟೆಗೆ ಆಪರೇಷನ್ ಬೇಕಾದರೆ ಅರಿವಳಿಕೆ ಡಾಕ್ಟರು ಎಷ್ಟು ಹೊತ್ತಿನಲ್ಲಿ ಬರುತ್ತಾರೆ?
3. ಹೆರಿಗೆ ಹೊತ್ತಿಗೆ ಮಕ್ಕಳ ಡಾಕ್ಟರು ಇರುತ್ತಾರಾ?
4. ರಕ್ತನಿಧಿ ಒಳಗೇ ಇದೆಯಾ?
5. ಖಾಸಗಿಯಾದರೆ, ಎನ್‌ಐಸಿಯು ದಿನಕ್ಕೆ ಒಂದು ಮಗುವಿಗೆ ಎಷ್ಟು? ಉತ್ತರವನ್ನು ಎರಡರಿಂದ ಗುಣಿಸಿ ನೋಡಿ.

ನಾಲ್ಕನೇ ಪ್ರಶ್ನೆಗೆ ಕಾರಣವಿದೆ. ಎರಡು ಮಕ್ಕಳನ್ನು ಹೊತ್ತು ಹಿಗ್ಗಿದ ಗರ್ಭಕೋಶ ಹೆರಿಗೆ ಆದಮೇಲೆ ಬೇಗ ಕುಗ್ಗುವುದಿಲ್ಲ. ಅದರಿಂದ ರಕ್ತಸ್ರಾವ ಜಾಸ್ತಿ ಆಗಬಹುದು. ರಕ್ತ ಕೊಡಬಲ್ಲ ನಾಲ್ಕು ಜನರ ಹೆಸರು, ಫೋನ್ ನಂಬರು ಬರೆದಿಡಿ.

ಈಗ ದಾರಿಯ ಲೆಕ್ಕ. ಎಚ್.ಡಿ. ಕೋಟೆ, ಸರಗೂರು, ಪಿರಿಯಾಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಕಡೆಯವರು ಹಗಲೊಮ್ಮೆ, ರಾತ್ರಿಯೊಮ್ಮೆ ದಾರಿಗೆ ಎಷ್ಟು ಹೊತ್ತು ಬೇಕೆಂದು ನೋಡಿಕೊಳ್ಳಿ. ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯದ ಸುತ್ತ ಟ್ರ್ಯಾಕ್ಟರುಗಳ ಸಾಲು ದಾಟುವುದಕ್ಕೇ ಹೊತ್ತಾಗುತ್ತದೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರಿಂದ ಆಟೋ ಬಿಡುವುದಿಲ್ಲ, ಆದ್ದರಿಂದ ಕಾರಿಗೇ ಹೇಳಿಟ್ಟಿರಿ. ದಿನ ದಸರಾ ಹೊತ್ತಿಗೆ ಬಿದ್ದರೆ ಇನ್ನೊಂದು ಎಚ್ಚರಿಕೆ. ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆ ಪೂರ್ತಿ ಮುಚ್ಚಿರುತ್ತದೆ. ಚೆಲುವಾಂಬಕ್ಕೆ ಹೋಗುವವರು ಬಳಸು ದಾರಿ ತಿಳಿದುಕೊಂಡಿರಬೇಕು. 108 ಯಾವಾಗಲೂ ಇದೆ. ಫೋನ್ ಮಾಡಿದಾಗ "ಅವಳಿ, ಇಷ್ಟು ವಾರ" ಎಂದೇ ಮಾತು ಶುರುಮಾಡಿ.

ಹಂತ 4: ಸೀಮಂತ, ತವರು, ರಜೆ (28 ವಾರದೊಳಗೆ)

ಒಂಬತ್ತರಲ್ಲಿ ಸೀಮಂತ ಮಾಡುವ ಪದ್ಧತಿ ಇದ್ದರೂ ಇದೊಂದು ಸಲ ಏಳರಲ್ಲೇ ಮುಗಿಸಿ. ಛತ್ರದಲ್ಲಿ ಗಂಟೆಗಟ್ಟಲೆ ಕೂರಿಸುವುದು ಬೇಡ, ಮನೆಯಲ್ಲೇ ಬಳೆ ತೊಡಿಸಿ, ಮಡಿಲು ತುಂಬಿ, ಒಂದು ಗಂಟೆಯಲ್ಲಿ ಮುಗಿಸಿ.

ಚೊಚ್ಚಲ ಹೆರಿಗೆ ತವರಿನಲ್ಲಿ ಎಂದಾದರೆ 28 ವಾರಕ್ಕೆ ಹೊರಟುಬಿಡಿ. 24 ವಾರಕ್ಕೆ ಗೊತ್ತುಮಾಡಿದ ಆಸ್ಪತ್ರೆ ತವರಿಗೆ ಹತ್ತಿರದ್ದೇ ಆಗಿರಬೇಕು. ಗಂಡನ ಮನೆ ಮೈಸೂರು, ತವರು ಮಳವಳ್ಳಿಯ ಒಳಗಿನ ಹಳ್ಳಿ ಎಂದಿದ್ದರೆ ನನ್ನ ಸಲಹೆ ಬೇರೆ: ಮಗಳು ಹೋಗುವುದಲ್ಲ, ಅಮ್ಮ ಇಲ್ಲಿಗೆ ಬರಲಿ. ನೆಂಟರು ಏನನ್ನುತ್ತಾರೋ ಎಂದು ಆಸ್ಪತ್ರೆಯಿಂದ ದೂರ ಹೋಗುವುದು ಸರಿಯಲ್ಲ.

ಕೆಲಸಕ್ಕೆ ಹೋಗುವವರಿಗೆ ಹೆರಿಗೆ ರಜೆ 26 ವಾರ, ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಅರ್ಜಿಯನ್ನು ಬಸಿರಿನ 26ನೇ ವಾರಕ್ಕೇ ಕೊಟ್ಟುಬಿಡಿ.

ಹಂತ 5: ಚೀಲ ಕಟ್ಟಿ ಬಾಗಿಲ ಹತ್ತಿರ ಇಡಿ (30 ವಾರದೊಳಗೆ)

ಜನ ಸಾಮಾನನ್ನು ಅಗತ್ಯಕ್ಕಿಂತ ಜಾಸ್ತಿ ಕೊಳ್ಳುತ್ತಾರೆ. ಆಸ್ಪತ್ರೆಗೆ ಬೇಕಾದುದು ಇಷ್ಟೇ:

1. ತಾಯಿ ಕಾರ್ಡ್, ಎಲ್ಲ ಸ್ಕ್ಯಾನ್ ರಿಪೋರ್ಟು, ಆಧಾರ್, ರೇಷನ್ ಕಾರ್ಡ್, ತಲಾ ಎರಡು ಜೆರಾಕ್ಸ್.
2. ಒಗೆದು ಬಿಸಿಲಿಗೆ ಒಣಗಿಸಿದ ಹಳೇ ಹತ್ತಿ ಬಟ್ಟೆ, ಮಡಚಿದ್ದು ಹತ್ತಾರು. ಹೊಸ ಬಟ್ಟೆ ಒರಟು.
3. ನಾಲ್ಕು ಕುಲಾವಿ, ನಾಲ್ಕು ಜೊತೆ ಕಾಲುಚೀಲ. ಚಿಕ್ಕ ಅಳತೆಯದೇ ಇರಲಿ, ಅವಳಿಗಳು ಹೆಚ್ಚಾಗಿ ಎರಡೂವರೆ ಕೆಜಿಗಿಂತ ಕಡಿಮೆ ಇರುತ್ತವೆ.
4. ತಾಯಿಗೆ ಮುಂದೆ ಗುಂಡಿ ಇರುವ ನೈಟಿ, ದೊಡ್ಡ ಪ್ಯಾಡ್, ಬಿಸಿನೀರಿನ ಫ್ಲಾಸ್ಕ್.
5. ಎರಡು ಒಳಲೆ (ಮಗುವಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು), ಒಂದು ಸ್ಟೀಲ್ ಬಟ್ಟಲು, ಡಿಜಿಟಲ್ ಥರ್ಮಾಮೀಟರ್.
6. ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಇದರ ಕೆಲಸ ಮುಂದೆ ಇದೆ.

ತಡಮಾಡದೆ ಆಸ್ಪತ್ರೆಗೆ ಹೊರಡಬೇಕಾದ ಲಕ್ಷಣಗಳು

ಹೊಟ್ಟೆ ಮತ್ತೆ ಮತ್ತೆ ಗಟ್ಟಿಯಾಗುವುದು, ಸೊಂಟ ಹಿಡಿದಂತೆ ನೋವು ಬಂದು ಹೋಗುವುದು. ನೀರು ಒಸರುವುದು, ರಕ್ತ ಕಾಣುವುದು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಎದೆಗುಂಡಿಯ ಕೆಳಗೆ ನೋವು: ಇವು ಬಿಪಿ ಏರಿದ ಸೂಚನೆ. ಎರಡು ಮೂರು ದಿನದಲ್ಲೇ ಹೊಟ್ಟೆ ದಿಢೀರನೆ ಉಬ್ಬಿ ಉಸಿರಾಟ ಕಷ್ಟವಾಗುವುದು. ಅಂಗೈ ಅಂಗಾಲು ತಡೆಯಲಾರದಷ್ಟು ಕೆರೆಯುವುದು. ಮಕ್ಕಳ ಮಿಸುಕಾಟ ಕಡಿಮೆಯಾಗುವುದು.

"ಬೆಳಗಾಗಲಿ ನೋಡೋಣ" ಎನ್ನುವುದೇ ಇಲ್ಲಿ ದೊಡ್ಡ ತಪ್ಪು. ಬೇಗ ಹೆರಿಗೆಯಾಗುವಂತೆ ಕಂಡರೆ ಮಕ್ಕಳ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಅದು ಚೆನ್ನಾಗಿ ಕೆಲಸ ಮಾಡಲು ಹೆರಿಗೆಗೆ ಮೊದಲು ಒಂದು ದಿನವಾದರೂ ಸಿಗಬೇಕು. ನೀವು ಕಾಯುವ ಒಂದು ರಾತ್ರಿ ಅಂದರೆ ಆ ಒಂದು ದಿನವೇ.

ಹಂತ 6: ಹೆರಿಗೆಯ ದಿನ

ತೊಂದರೆ ಇಲ್ಲದಿದ್ದರೂ ಡಾಕ್ಟರು ಪೂರ್ತಿ 40 ವಾರ ಬಿಡುವುದಿಲ್ಲ. ಮಾಸು ಎರಡಿದ್ದರೆ ಸುಮಾರು 37 ವಾರಕ್ಕೆ, ಒಂದೇ ಇದ್ದರೆ ಸುಮಾರು 36 ವಾರಕ್ಕೆ, ಚೀಲವೂ ಒಂದೇ ಆದರೆ 32ರಿಂದ 34 ವಾರದೊಳಗೆ ಹೆರಿಗೆ ಮಾಡಿಸುತ್ತಾರೆ. "ಒಳ್ಳೇ ದಿನ, ಒಳ್ಳೇ ನಕ್ಷತ್ರ" ಎಂದು ಇದನ್ನು ಮುಂದೆ ತಳ್ಳಬೇಡಿ. ಮೊದಲ ಮಗುವಿನ ತಲೆ ಕೆಳಗಿದ್ದರೆ ಸಹಜ ಹೆರಿಗೆ ಎಷ್ಟೋ ಸಲ ಸಾಧ್ಯ. ಮುಂಚೆಯೇ ಮಾತಾಡಿಕೊಳ್ಳಿ.

ಹೆರಿಗೆ ಕೋಣೆಯ ಹೊರಗೆ ಒಬ್ಬರಿಗೆ ಒಂದೇ ಕೆಲಸ ಕೊಡಿ: ಮೊದಲು ಹುಟ್ಟಿದ್ದು ಯಾರು, ಇಬ್ಬರ ಸಮಯ, ತೂಕ ಏನು ಎಂದು ಬರೆದುಕೊಳ್ಳುವುದು. ಮಕ್ಕಳ ಕೈಗೆ ಕಟ್ಟಿದ ಪಟ್ಟಿಯನ್ನು ಮನೆಗೆ ಬರುವವರೆಗೆ ಬಿಚ್ಚಬೇಡಿ. ಮನೆಯಲ್ಲಿ ಗುರುತಿಗೆ ದಾರ ಕಟ್ಟುವುದು ಬೇಡ, ಕೈ ಬೆಳೆದಂತೆ ಬಿಗಿಯುತ್ತದೆ. ಒಂದು ಮಗುವಿನ ಕಾಲಿನ ಹೆಬ್ಬೆರಳ ಉಗುರಿಗೆ ಬಣ್ಣ ಹಚ್ಚಿದರೆ ಸಾಕು.

ಹಂತ 7: ಹಾಲು

ಇಬ್ಬರಿಗೆ ಸಾಲುತ್ತದಾ ಎನ್ನುವುದು ಎಲ್ಲ ತಾಯಂದಿರ ಭಯ. ಎದೆ ಬರಿದಾದಷ್ಟೂ ಹಾಲು ಊರುತ್ತದೆ. ಎರಡು ಬಾಯಿ ಚೀಪಿದರೆ ಎರಡು ಬಾಯಿಗೆ ಬೇಕಾದಷ್ಟು ಬರುವುದು ಎಷ್ಟೋ ಜನರಿಗೆ ಸಾಧ್ಯ. ಆದರೆ ಮೊದಲ ಎರಡು ವಾರ ಎಷ್ಟು ಸಲ ಹಾಲು ತೆಗೆಯುತ್ತೀರಿ ಅನ್ನುವುದರ ಮೇಲೆ ಅದು ನಿರ್ಧಾರವಾಗುತ್ತದೆ.

1. ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಹಾಲು ಕೊಡಿ. ಹಳದಿ ಎಂದು ಹಿಂಡಿ ಚೆಲ್ಲಬೇಡಿ.
2. ಮಕ್ಕಳು ಎನ್‌ಐಸಿಯುನಲ್ಲಿದ್ದರೆ ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ ದಿನಕ್ಕೆ ಎಂಟು ಸಲ ಕೈಯಲ್ಲಿ ಅಥವಾ ಪಂಪಿನಲ್ಲಿ ಹಾಲು ತೆಗೆಯಿರಿ. ಮೊದಲ ದಿನ ಹನಿಗಳಷ್ಟೇ ಬಂದರೂ ಅದನ್ನೇ ಒಳಗೆ ಕಳಿಸಿ. ಹೊರಗೆ 4 ಗಂಟೆ, ಫ್ರಿಜ್ಜಿನಲ್ಲಿ 24 ಗಂಟೆ ಇಡಬಹುದು.
3. ಮೊದಲು ಒಬ್ಬೊಬ್ಬರಿಗೇ ಕೊಟ್ಟು ಇಬ್ಬರೂ ಸರಿಯಾಗಿ ಕಚ್ಚಿ ಹಿಡಿಯುವುದು ಕಲಿಯಲಿ. ಆಮೇಲೆ ಒಟ್ಟಿಗೆ.
4. ಒಟ್ಟಿಗೆ ಕೊಡುವಾಗ ಗೋಡೆಗೆ ಒರಗಿ ಕೂತು, ಎರಡೂ ಪಕ್ಕಕ್ಕೆ ಗಟ್ಟಿ ದಿಂಬು ಇಡಿ. ಒಂದೊಂದು ಮಗುವನ್ನು ಒಂದೊಂದು ಕಂಕುಳಡಿ, ಕಾಲು ಹಿಂದಕ್ಕೆ ಹೋಗುವಂತೆ ಮಲಗಿಸಿ. ತಲೆ ನಿಮ್ಮ ಅಂಗೈಯಲ್ಲಿ. ಮೊದಮೊದಲು ಇನ್ನೊಬ್ಬರು ಪಕ್ಕದಲ್ಲಿರಲೇಬೇಕು.
5. ದಿನ ಬಿಟ್ಟು ದಿನ ಪಕ್ಕ ಬದಲಿಸಿ. ಒಬ್ಬ ಜೋರಾಗಿ ಚೀಪುತ್ತಾನೆ, ಇನ್ನೊಬ್ಬ ನಿಧಾನ. ಎರಡೂ ಎದೆಗೆ ಇಬ್ಬರೂ ಸಿಗಲಿ.

ಚೀಪಲು ಶಕ್ತಿ ಇಲ್ಲದ ಮಗುವಿಗೆ ಹಿಂಡಿದ ಹಾಲನ್ನು ಒಳಲೆಯಲ್ಲಿ ಕೊಡಿ, ಬಾಟಲಿ ಬೇಡ. ಒಳಲೆಯನ್ನು ಪ್ರತಿ ಸಲ ತೊಳೆದು ನೀರಲ್ಲಿ ಕುದಿಸಿ. ಡಾಕ್ಟರು ಹಾಲಿನ ಪುಡಿ ಬರೆದುಕೊಟ್ಟರೆ ಬೇಸರ ಬೇಡ, ಡಬ್ಬಿಯ ಮೇಲಿನ ಅಳತೆ ಮಾತ್ರ ತಪ್ಪಬೇಡಿ. ಹಸುವಿನ ಹಾಲಿಗೆ ನೀರು ಬೆರೆಸಿ ಕೊಡುವುದು, ಜೇನು ನೆಕ್ಕಿಸುವುದು, ಬಜೆ ತೇಯ್ದು ಹಾಕುವುದು ಯಾವುದೂ ಬೇಡ.

ಹಾಲು ಸಾಲುತ್ತಿದೆ ಎಂದು ತಿಳಿಯುವುದು ಹೀಗೆ: ಐದನೇ ದಿನದಿಂದ ಒಬ್ಬೊಬ್ಬರೂ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯಬೇಕು, ಸುಮಾರು ಎರಡು ವಾರದಲ್ಲಿ ಹುಟ್ಟಿದ ತೂಕಕ್ಕೆ ಮರಳಬೇಕು. ನೋಟ್‌ಬುಕ್ಕಿನ ಕೆಲಸ ಇಲ್ಲೇ. ಎಡ ಪುಟ ಒಬ್ಬರಿಗೆ, ಬಲ ಪುಟ ಇನ್ನೊಬ್ಬರಿಗೆ. "5.10, ಎಡ, 15 ನಿಮಿಷ, ಉಚ್ಚೆ, ಕಕ್ಕ ಇಲ್ಲ." ಒಂದು ಸಾಲು ಸಾಕು. ನಿದ್ದೆಗೆಟ್ಟ ತಲೆಗೆ ಯಾರಿಗೆ ಕೊಟ್ಟೆ, ಯಾರಿಗೆ ಬಿಟ್ಟೆ ನೆನಪಿರುವುದಿಲ್ಲ. ಒಂದಕ್ಕೇ ಎರಡು ಸಲ ಔಷಧಿ ಹಾಕಿ ಇನ್ನೊಂದನ್ನು ಬಿಟ್ಟುಬಿಡುವುದು ಅವಳಿ ಮನೆಗಳಲ್ಲಿ ಆಗುವ ತಪ್ಪೇ.

ಹಂತ 8: ಮನೆಯಲ್ಲಿ ಬಿಸುಪು, ಸ್ನಾನ, ಹೊಗೆ

ಕಡಿಮೆ ತೂಕದ ಮಕ್ಕಳ ಮೈ ಬೇಗ ತಣ್ಣಗಾಗುತ್ತದೆ. ಮುಂಗೈಯಿಂದ ಹೊಟ್ಟೆ, ಪಾದ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಪಾದ ತಣ್ಣಗಿದ್ದರೆ ತಕ್ಷಣ ಎದೆಗೆ ಹಾಕಿಕೊಳ್ಳಿ. ಮಗುವಿಗೆ ಕುಲಾವಿ, ಲಂಗೋಟಿ ಬಿಟ್ಟು ಬೇರೆ ಬಟ್ಟೆ ಬೇಡ. ಚರ್ಮಕ್ಕೆ ಚರ್ಮ ತಾಗುವಂತೆ ಎದೆಯ ಮೇಲೆ ನೆಟ್ಟಗೆ ಹಿಡಿದು ಮೇಲೆ ಹೊದಿಸಿ. ಇದೇ ಕಾಂಗರೂ ಆರೈಕೆ. ಅಮ್ಮನ ಹತ್ತಿರ ಒಂದು, ಅಪ್ಪ ಅಥವಾ ಅಜ್ಜಿಯ ಹತ್ತಿರ ಇನ್ನೊಂದು. ಎರಡೂವರೆ ಕೆಜಿ ಆಗುವವರೆಗೆ ದಿನಕ್ಕೆ ಎಷ್ಟು ಹೊತ್ತು ಆದರೆ ಅಷ್ಟು.

ನೀರು ಹಾಕುವ ಹೆಂಗಸನ್ನು ಮೊದಲ ದಿನವೇ ಕರೆಸಬೇಡಿ. ತೂಕ ಏರುವವರೆಗೆ ಬೆಚ್ಚನೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಸ್ನಾನ ಯಾವಾಗ ಎಂದು ಮಕ್ಕಳ ಡಾಕ್ಟರನ್ನು ಕೇಳಿ. ಕಿವಿ, ಮೂಗಿಗೆ ಎಣ್ಣೆ ಬಿಡುವುದು ಬೇಡ. ಸಾಂಬ್ರಾಣಿ ಹೊಗೆ ಖಂಡಿತ ಬೇಡ. ಅವಸರದಲ್ಲಿ ಹುಟ್ಟಿದ ಮಕ್ಕಳ ಶ್ವಾಸಕೋಶ ಅದನ್ನು ತಡೆಯುವುದಿಲ್ಲ. ಅಜ್ಜಿಯರಿಗೆ ಇದನ್ನು ಹೇಳುವುದು ಕಷ್ಟ, ಗೊತ್ತು. ಡಿಸ್ಚಾರ್ಜ್ ದಿನ ಅವರನ್ನೇ ಕರೆದುಕೊಂಡು ಹೋಗಿ, ಡಾಕ್ಟರ ಬಾಯಲ್ಲೇ ಹೇಳಿಸಿ. ಜಗಳ ಅರ್ಧ ಕಡಿಮೆಯಾಗುತ್ತದೆ.

ಇಬ್ಬರನ್ನೂ ಗಟ್ಟಿ ಹಾಸಿಗೆಯ ಮೇಲೆ, ಬೇರೆ ಬೇರೆಯಾಗಿ, ಅಂಗಾತ ಮಲಗಿಸಿ. ಸೀರೆಯ ಜೋಲಿಯಲ್ಲಿ ಗದ್ದ ಎದೆಗೆ ಒತ್ತಿ ಉಸಿರು ಕಟ್ಟಬಹುದು, ಚಿಕ್ಕ ಮಕ್ಕಳಿಗೆ ಬೇಡ. ನಾಮಕರಣಕ್ಕೆ ಹನ್ನೊಂದನೇ ದಿನವೇ ಊರು ಕರೆಯಬೇಡಿ. ಶಾಸ್ತ್ರಕ್ಕೆ ಮನೆಯವರು ಸಾಕು, ಊಟ ಮೂರು ತಿಂಗಳ ಮೇಲೆ ಹಾಕಬಹುದು.

ಮಕ್ಕಳಲ್ಲಿ ಎಚ್ಚರಿಕೆಯ ಲಕ್ಷಣ: ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದಿರುವುದು, ನಿಮಿಷಕ್ಕೆ 60 ಸಲ ಅಥವಾ ಅದಕ್ಕಿಂತ ಜಾಸ್ತಿ ಉಸಿರು, ಪಕ್ಕೆ ಒಳಕ್ಕೆ ಎಳೆಯುವುದು, ಜ್ವರ, ಮೈ ತಣ್ಣಗಾಗುವುದು, ಫಿಟ್ಸ್, ಹೊಕ್ಕುಳ ಸುತ್ತ ಕೆಂಪಾಗುವುದು. ಅಂಗೈ ಅಂಗಾಲವರೆಗೆ ಹಳದಿ ಇಳಿದಿದ್ದರೆ ಬಿಸಿಲಿಗೆ ಹಿಡಿದು ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಹಂತ 9: ಬಾಣಂತಿ ಮತ್ತು ರಾತ್ರಿ ಪಾಳಿ

ಬಾಣಂತಿಗೆ ನೀರು ಕೊಡಬಾರದು ಎನ್ನುವ ಪದ್ಧತಿ ಬಿಡಿ. ಇಬ್ಬರಿಗೆ ಹಾಲೂಡಿಸುವವಳಿಗೆ ಬಾಯಾರಿಕೆ ಜಾಸ್ತಿ. ಬಿಸಿನೀರಾದರೂ ಸರಿ, ಕೇಳಿದಷ್ಟು ಕೊಡಿ. ಬರೀ ಮೆಣಸಿನ ಸಾರನ್ನ ಸಾಲದು, ಕಾಳು, ಸೊಪ್ಪು, ಹಾಲು ಬೇಕು. ಒಂದು ಗಂಟೆಯೊಳಗೆ ದೊಡ್ಡ ಪ್ಯಾಡ್ ಪೂರ್ತಿ ನೆನೆದರೆ, ಜ್ವರ ಬಂದರೆ, ಒಂದು ಕಾಲು ಊದಿ ನೋವಾದರೆ ತಕ್ಷಣ ಆಸ್ಪತ್ರೆ.

ರಾತ್ರಿಯನ್ನು ಎರಡು ಪಾಳಿ ಮಾಡಿ. ಒಂಬತ್ತರಿಂದ ಎರಡರವರೆಗೆ ಅಜ್ಜಿ, ಎರಡರಿಂದ ಆರರವರೆಗೆ ಅಪ್ಪ. ಬಟ್ಟೆ ಬದಲಿಸುವುದು, ತೇಗು ತೆಗೆಸುವುದು, ಮಲಗಿಸುವುದು ಪಾಳಿಯವರ ಕೆಲಸ. ಅಮ್ಮನದು ಹಾಲು ಕೊಡುವುದಷ್ಟೇ. ಒಬ್ಬ ಎದ್ದರೆ ಇನ್ನೊಬ್ಬನನ್ನೂ ಎಬ್ಬಿಸಿ ಕುಡಿಸಿ, ಇಲ್ಲದಿದ್ದರೆ ರಾತ್ರಿಯಿಡೀ ಯಾರಿಗೂ ನಿದ್ದೆ ಇರುವುದಿಲ್ಲ. ಅಪ್ಪಂದಿರು "ಸಹಾಯ ಮಾಡ್ತೀನಿ" ಎನ್ನುವುದು ಸಾಲದು. ಇದು ಅವರ ಪಾಲಿನ ಕೆಲಸ.

ತಾಯಿಗೆ ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಕ್ಕಳನ್ನು ನೋಡಲೂ ಮನಸ್ಸು ಬರದಿದ್ದರೆ, ಮಕ್ಕಳು ಮಲಗಿದಾಗಲೂ ನಿದ್ದೆ ಬಾರದಿದ್ದರೆ ಅದು ಸೋಮಾರಿತನವೂ ಅಲ್ಲ, ದೃಷ್ಟಿಯೂ ಅಲ್ಲ. ಚಿಕಿತ್ಸೆ ಇರುವ ಕಾಯಿಲೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಅಥವಾ ಮಕ್ಕಳಿಗೆ ಏನಾದರೂ ಮಾಡಿಬಿಡುವ ಯೋಚನೆ ಬಂದರೆ ಅವಳನ್ನು ಒಬ್ಬಳನ್ನೇ ಬಿಡಬೇಡಿ, ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಹಂತ 10: ಕಣ್ಣು, ಕಿವಿ, ಲಸಿಕೆ, ಕಾಗದ

34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ಇದ್ದ ಮಕ್ಕಳಿಗೆ 30 ದಿನದೊಳಗೆ ಕಣ್ಣಿನ ಅಕ್ಷಿಪಟಲದ ಪರೀಕ್ಷೆ ಆಗಲೇಬೇಕು. ತೀರಾ ಚಿಕ್ಕವರಿಗೆ ಇನ್ನೂ ಬೇಗ. ಹೊರಗಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಪರೀಕ್ಷೆ ಬಿಟ್ಟರೆ ದೃಷ್ಟಿಯೇ ಹೋಗಬಹುದು, ಹೋದಮೇಲೆ ತರಲು ಆಗುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಈ ದಿನಾಂಕ ಬರೆದಿದೆಯಾ ನೋಡಿ.

ಕಿವಿ ಪರೀಕ್ಷೆ ಒಂದು ತಿಂಗಳೊಳಗೆ. ಹುಟ್ಟಿದ ಆಸ್ಪತ್ರೆಯಲ್ಲಿ ಆಗದಿದ್ದರೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇಬ್ಬರಿಗೂ ಬೇರೆ ಬೇರೆ ಮಾಡಿಸಿ. ಒಬ್ಬನದು ಸರಿ ಇದ್ದರೆ ಇನ್ನೊಬ್ಬನದೂ ಸರಿ ಎಂದಲ್ಲ.

ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬಂದು ತೂಕ, ಜ್ವರ ನೋಡಬೇಕು. ಬರದಿದ್ದರೆ ಫೋನ್ ಮಾಡಿ ಕರೆಸಿ, ನೋಟ್‌ಬುಕ್ಕು ತೋರಿಸಿ. ಜನನ ನೋಂದಣಿ 21 ದಿನದೊಳಗೆ, ಇಬ್ಬರಿಗೂ ಬೇರೆ ಪ್ರಮಾಣಪತ್ರ, ಸಮಯ ಅದಲುಬದಲು ಆಗಿಲ್ಲವೆಂದು ಅಲ್ಲೇ ಓದಿ ನೋಡಿ.

ಲಸಿಕೆಯನ್ನು ಹುಟ್ಟಿದ ದಿನದಿಂದಲೇ ಎಣಿಸಿ. 6, 10, 14 ವಾರದ ಲಸಿಕೆಗಳನ್ನು ಬೇಗ ಹುಟ್ಟಿದ್ದಾರೆ ಎಂದು ಮುಂದೂಡಬಾರದು. ಕತ್ತು ನಿಲ್ಲುವುದು, ಮಗುಚುವುದು, ಕೂರುವುದನ್ನು ಮಾತ್ರ ಡಾಕ್ಟರು ಕೊಟ್ಟಿದ್ದ ಹೆರಿಗೆ ದಿನಾಂಕದಿಂದ ಎಣಿಸಿ. ಎರಡು ತಿಂಗಳು ಮುಂಚೆ ಹುಟ್ಟಿದ ಮಗು ಆರು ತಿಂಗಳಿಗೆ ನಾಲ್ಕು ತಿಂಗಳ ಮಗುವಿನಷ್ಟು ಮಾಡಿದರೆ ಸರಿಯಾಗಿಯೇ ಇದೆ. ಅದಕ್ಕೂ ಹಿಂದೆ ಬಿದ್ದಿದ್ದರೆ, ಅಥವಾ ಒಂದು ಕೈ ಕಾಲು ಸದಾ ಬಿಗಿಯಾಗಿದ್ದರೆ, ಮುಂದಿನ ಲಸಿಕೆಯವರೆಗೆ ಕಾಯದೆ ತೋರಿಸಿ.